ಕೌಲಿಂಗ್ ಕೂರಿಸಿದ್ದು: ಸ್ಪಿನ್ನರ್ 3 ಮಿ.ಮೀ. ಎತ್ತರದಲ್ಲಿಟ್ಟ ನನ್ನ ಅನುಭವ

ನನ್ನ ಪುಟ್ಟ ವಿಮಾನದಲ್ಲಿ ಸ್ಪಿನ್ನರ್ (ಪ್ರೊಪೆಲರ್ ನಡುವಿನ ಮೊನಚು ಟೋಪಿ) ಕೌಲಿಂಗಿಗಿಂತ (ಎಂಜಿನ್ ಮುಚ್ಚುವ ಹೊದಿಕೆ) 3 ಮಿ.ಮೀ. ಮೇಲಿರುವುದನ್ನು ನೋಡಿದವರೆಲ್ಲ ಅಳತೆ ತಪ್ಪಿದೆ ಅಂದರು. ತಪ್ಪಿರಲಿಲ್ಲ, ಬೇಕೆಂದೇ ಬಿಟ್ಟದ್ದು. ಈಗ ಎಂಜಿನ್ ಹೆಚ್ಚುಕಡಿಮೆ 60 ಗಂಟೆ ಓಡಿದೆ. ಎಂಜಿನ್ ಹಿಡಿದಿರುವ ಮೌಂಟಿನ ರಬ್ಬರ್ ಕುಗ್ಗಿ ಸ್ಪಿನ್ನರ್ ತಾನಾಗಿಯೇ ಇಳಿದು ಕೂತಿದೆ. ಹೆಬ್ಬೆರಳಲ್ಲಿ ಸವರಿದರೂ ಮೆಟ್ಟಿಲು ಸಿಗುವುದಿಲ್ಲ.

ನನ್ನದು ಡೈನಾಫೋಕಲ್ ಮೌಂಟಿನ (ಬೋಲ್ಟುಗಳು ಎಂಜಿನ್ ತೂಕದ ನಡುವಿನತ್ತ ಓರೆಯಾಗಿರುವ ಬಗೆ) ನಾಲ್ಕು ಸಿಲಿಂಡರ್ ಲೈಕಮಿಂಗ್ ಎಂಜಿನ್. ಕೌಲಿಂಗ್ ಮೇಲೊಂದು ಕೆಳಗೊಂದು, ಎರಡು ಹೋಳು ಫೈಬರ್‌ಗ್ಲಾಸ್. ಮೊದಲ ಸಲ ಕೆಟ್ಟದ್ದು ಫೈರ್‌ವಾಲ್, ಅಂದರೆ ಎಂಜಿನ್ ಹಿಂದಿನ ಬೆಂಕಿತಡೆ ಗೋಡೆಯ ಕಡೆಯಿಂದ ಶುರು ಮಾಡಿದ್ದಕ್ಕೆ. ಹಿಂದಿನ ಅಂಚು ನೀಟಾಗಿ ಕೂತಿತು, ಮುಂದೆ ನೋಡಿದರೆ ಸ್ಪಿನ್ನರ್ ಸಂದು 6 ಮಿ.ಮೀ. ಬದಲು 11! ಕತ್ತರಿಸಿದ್ದನ್ನು ಮತ್ತೆ ಬೆಳೆಸಲು ಗ್ಲಾಸ್ ಬಟ್ಟೆ, ಎಪಾಕ್ಸಿ, ನಾಲ್ಕು ದಿನದ ಉಜ್ಜಾಟ. ಅಷ್ಟರಲ್ಲಿ ಕೊರೆದಿಟ್ಟಿದ್ದ ಒಂದು ಸೆಟ್ ಹಿಂಜ್ (ಕಣ್ಣುಗಳ ಮೂಲಕ ಉದ್ದ ಪಿನ್ ತೂರಿಸಿ ಅಂಚು ಸೇರಿಸುವ ಪಟ್ಟಿ) ಗುಜರಿಗೆ ಹೋಯಿತು. ಹೊಸ ಕೌಲಿಂಗ್ ತರಿಸಿದ್ದರೆ ಇದರ ಹತ್ತು ಪಟ್ಟಾದರೂ ಆಗುತ್ತಿತ್ತು, ಅದೊಂದೇ ಸಮಾಧಾನ.

ಎರಡನೇ ಸಲ ಮೂಗಿನಿಂದ ಹಿಂದಕ್ಕೆ ಬಂದೆ. ಸ್ಪಿನ್ನರ್ ಕೂರುವ ಹಿಂದಿನ ತಟ್ಟೆ, ಅಂದರೆ ಬ್ಯಾಕ್‌ಪ್ಲೇಟಿನಷ್ಟೇ ವ್ಯಾಸದ ಪ್ಲೈವುಡ್ ಬಿಲ್ಲೆಯನ್ನು, ಬ್ಯಾಕ್‌ಪ್ಲೇಟ್ ನಿಲ್ಲುವ ದೂರಕ್ಕೇ ಪ್ರಾಪ್ ಫ್ಲೇಂಜಿಗೆ (ಪ್ರೊಪೆಲರ್ ಬಿಗಿಯುವ ಎಂಜಿನ್ ತುದಿಯ ಬಿಲ್ಲೆ) ಬೋಲ್ಟ್ ಮಾಡಿ, ಹಿಂಬದಿಗೆ 6 ಮಿ.ಮೀ. ದಪ್ಪದ ಮರದ ತುಂಡುಗಳನ್ನು ಅಂಟಿಸಿದೆ. ಕೌಲಿಂಗ್ ಮೂಗು ಆ ತುಂಡುಗಳಿಗೆ ಒತ್ತಿ ನಿಂತರೆ ಸಂದು ಸುತ್ತಲೂ ಸಮ. ಇದಕ್ಕೇ ಅಂತ ರೆಡಿಮೇಡ್ ಜಿಗ್ ಸಿಗುತ್ತೆ, ದುಡ್ಡು ದಂಡ. ಬಿಲ್ಲೆಯ ಅಂಚಿಗಿಂತ ಕೌಲಿಂಗ್ ಮೂಗನ್ನು 3 ಮಿ.ಮೀ. ತಗ್ಗಿಸಿ ಎರಡು ಸ್ಕ್ರೂ ಬಿಗಿದೆ. ಎಂಜಿನ್ ಮೇಲೆ ಬರಬೇಕಾದ ಭಾರವೆಲ್ಲ ಬಂದ ಮೇಲೆಯೇ ಈ ಅಳತೆ. ಪ್ರಾಪ್ ಇನ್ನೂ ಬಂದಿರಲಿಲ್ಲವಾದ್ದರಿಂದ ಅದರ ತೂಕದ ಮರಳಿನ ಚೀಲವನ್ನು ಫ್ಲೇಂಜಿಗೆ ನೇತುಹಾಕಿದೆ. ಚೀಲ ಹಾಕುವ ಮುಂಚೆ, ಹಾಕಿದ ಮೇಲೆ ಅಳೆದು ನೋಡಿ. ವ್ಯತ್ಯಾಸ ಕಣ್ಣಿಗೇ ಕಾಣುತ್ತೆ.

ಹಿಂದಿನ ಅಂಚಿಗೆ ಗೆರೆ ಎಳೆಯಲು ಎಷ್ಟೋ ಜನ ಟೇಪಿನಿಂದ ಅಳತೆ ಹಿಂದಕ್ಕೆ ತರುತ್ತಾರೆ. ನಾನು ಒಳಗೆ ಜೋರು ಬೆಳಕಿನ ಟಾರ್ಚ್ ಇಟ್ಟೆ. ಬಣ್ಣ ಬಳಿಯದ ಫೈಬರ್‌ಗ್ಲಾಸಿನ ಮೂಲಕ ಫೈರ್‌ವಾಲಿನ ಅಂಚು ಕಪ್ಪು ಗೆರೆಯಾಗಿ ಎದ್ದು ಕಾಣುತ್ತೆ, ಅದರ ಮೇಲೇ ಪೆನ್ಸಿಲ್ ಆಡಿಸಿದರಾಯಿತು. ನಡುವೆ ಹನಿಕೋಂಬ್ (ಜೇನುಗೂಡಿನಂಥ ತಿರುಳು) ಇರುವ ಕೌಲಿಂಗಿನಲ್ಲಿ ಅಂಚಿನ ಗಟ್ಟಿ ಪಟ್ಟಿಯಲ್ಲಿ ಮಾತ್ರ ಇದು ನಡೆಯುತ್ತೆ. ಡೈಮಂಡ್ ಚಕ್ರದಲ್ಲಿ ಗೆರೆಗಿಂತ 3 ಮಿ.ಮೀ. ಹೊರಗೆ ಕತ್ತರಿಸಿ, ಉಳಿದದ್ದನ್ನು ಉದ್ದನೆಯ ಮರದ ಪಟ್ಟಿಗೆ 80ರ ಸ್ಯಾಂಡ್‌ಪೇಪರ್ ಅಂಟಿಸಿ ಉಜ್ಜಿದೆ. ಗಿಡ್ಡ ಬ್ಲಾಕ್ ಹಿಡಿದರೆ ಅಂಚು ಅಲೆಅಲೆ. ಕೊನೆಗೆ 1 ಮಿ.ಮೀ. ಸಂದು ಬಿಡಿ. ಬಣ್ಣಕ್ಕೂ ದಪ್ಪವಿದೆ, ಬಿಗಿಯಾಗಿ ಕೂರಿಸಿದವರ ಅಂಚು ಬಣ್ಣವಾದ ಮೇಲೆ ಒಂದಕ್ಕೊಂದು ತಿಕ್ಕಿ ಸಿಪ್ಪೆ ಏಳುತ್ತೆ.

ರಂಧ್ರ ಕೊರೆಯುವುದು ಮೇಲಿನ ನಡುಮಧ್ಯದಿಂದ ಎರಡೂ ಬದಿಗೆ, ಒಂದು ಬಿಟ್ಟು ಒಂದರಂತೆ ಕ್ಲೆಕೋ (ರಂಧ್ರದಲ್ಲಿ ತಾತ್ಕಾಲಿಕವಾಗಿ ಹಿಡಿದಿಡುವ ಸ್ಪ್ರಿಂಗ್ ಪಿನ್) ಹಾಕುತ್ತ. ಒಂದು ತುದಿಯಿಂದ ಹೊರಟರೆ ಗ್ಲಾಸ್ ಉಬ್ಬಿ ಇನ್ನೊಂದು ತುದಿಯಲ್ಲಿ ಸೇರುವುದೇ ಇಲ್ಲ.

ಮೇಲಂಚಿಗೆ ಹಿಂಜ್ ಬದಲು ಕಾಲು ಸುತ್ತು ತಿರುಗಿಸಿದರೆ ಬಿಗಿಯುವ ಫಾಸ್ಟನರ್ ಹಾಕಿ ನೋಡಿದ್ದೂ ಆಯಿತು. ಗಂಟೆಗೆ 300 ಕಿ.ಮೀ. ವೇಗದಲ್ಲಿ ಸಮುದ್ರಮಟ್ಟದಲ್ಲಿ ಎದುರುಗಾಳಿಯ ಒತ್ತಡ ಚದರ ಮೀಟರಿಗೆ 430 ಕೆ.ಜಿ. ಆಸುಪಾಸು. ಅದರ ಬಹುಪಾಲು ಮೇಲಿನ ಹೋಳನ್ನು ಒಳಗಿನಿಂದ ಎತ್ತುತ್ತೆ. 125 ಮಿ.ಮೀ.ಗೊಂದರಂತೆ ಹಾಕಿದಾಗ ನಡುನಡುವೆ ಬಾಯಿ ಬಿಟ್ಟಿತು. 90ಕ್ಕೆ ಇಳಿಸಿದ ಮೇಲೆ ನಿಂತಿತು, ಫಾಸ್ಟನರ್ ಖರ್ಚೂ ಅಷ್ಟೇ ಏರಿತು. ಪಕ್ಕದ ಸೇರುವೆಗೆ ಹಿಂಜ್‌ನ್ನೇ ಉಳಿಸಿಕೊಂಡೆ. ಹಿಂಜ್ ಪಿನ್ನಿನ ತುದಿಯನ್ನು ಯಾವ ಆಕಾರಕ್ಕೆ ಉಜ್ಜಿದರೆ ಒಂದೇ ತಳ್ಳಿಗೆ ಹೋಗುತ್ತೆ ಅನ್ನುವುದು ನನ್ನಲ್ಲೇ ಇರಲಿ. ನಾಲ್ಕು ಪಿನ್ ಬಾಗಿಸಿಕೊಂಡರೆ ನಿಮಗೂ ತಿಳಿಯುತ್ತೆ.

ಬ್ಯಾಫಲ್, ಅಂದರೆ ತಂಪು ಗಾಳಿಯನ್ನು ಸಿಲಿಂಡರುಗಳತ್ತ ತಿರುಗಿಸುವ ತಗಡಿನ ಅಳತೆಗೆ ಪೇಪರ್ ಕ್ಲಿಪ್ಪೇ ಸಾಕು. ತಗಡಿನ ಅಂಚಿಗೆ 50 ಮಿ.ಮೀ.ಗೊಂದರಂತೆ, ತಲೆ ಮೇಲಕ್ಕೆ ಚಾಚುವ ಹಾಗೆ ಸಿಕ್ಕಿಸಿ ಕೌಲಿಂಗ್ ಇಳಿಸಿ. ತಗುಲಿದ ಕ್ಲಿಪ್ ಕೆಳಕ್ಕೆ ಜಾರಿ ನಿಲ್ಲುತ್ತೆ. ಅದರ ತಲೆಯಿಂದ 12 ಮಿ.ಮೀ. ಕೆಳಗೆ ಗುರುತು ಹಾಕಿ ಕತ್ತರಿಸಿದರೆ ರಬ್ಬರ್ ಸೀಲಿಗೆ ಜಾಗ ಸರಿಯಾಗುತ್ತೆ. ಅವಸರಕ್ಕೆ 6 ಬಿಟ್ಟ ಒಂದು ಕಡೆ, ಎಂಜಿನ್ ಆಫ್ ಮಾಡುವಾಗಿನ ಕುಲುಕಾಟಕ್ಕೆ ತಗಡು ಬಡಿದು ಕೌಲಿಂಗ್ ಒಳಮೈಯಲ್ಲಿ ಗೀರು ಬಿದ್ದಿದೆ.

ಇನ್ನೂ ಪೂರ್ತಿ ಒಪ್ಪಿಗೆಯಾಗದ್ದು ಕೆಳಗೆ, ಗಾಳಿ ಹೊರಹೋಗುವ ಬಾಯಿಯ ಪಕ್ಕದ ಹಿಂಜ್. ಎಕ್ಸಾಸ್ಟ್ ಬಡಿತಕ್ಕೆ ಅದರ ಕಣ್ಣುಗಳು 40 ಗಂಟೆಯೊಳಗೆ ಮೂರು ಮುರಿದವು. ಅಷ್ಟು ಭಾಗದ ಹಿಂಜ್ ಕಿತ್ತು ನಟ್‌ಪ್ಲೇಟ್ (ತಗಡಿಗೇ ಕೂರುವ ನಟ್) ಕೂರಿಸಿ ಮೂರು ಮೂರು ಸ್ಕ್ರೂ ಹಾಕಿದ್ದೇನೆ. ಕೌಲಿಂಗ್ ಬಿಚ್ಚುವಾಗ ಎರಡು ನಿಮಿಷ ಜಾಸ್ತಿ ಹಿಡಿಯುತ್ತೆ.