ಸಂತೆಯ ಗೇಟಿನಲ್ಲಿ ಓಲೆ ನಂಬರು: ನಮಗೆ ಕೈಹಿಡಿದ ಕ್ರಮ

ದನದ ಸಂತೆಯಲ್ಲಿ ಯಾವ ರಾಸು ಯಾವ ಊರಿಗೆ ಹೋಯಿತು ಅಂತ ಅದರ ಕಿವಿಯ ಓಲೆಯ (ಗುರುತಿನ ಬಿಲ್ಲೆಯ) ನಂಬರಿನೊಂದಿಗೆ ಬರೆದಿಡುವುದು ಆಗದ ಕೆಲಸ ಎಂದು ದಲ್ಲಾಳಿಗಳು ನಕ್ಕಿದ್ದರು. ಟವಲ್ಲಿನಡಿ ಬೆರಳು ಹಿಡಿದು ಮುಗಿಯುವ ವ್ಯಾಪಾರಕ್ಕೆ ಕಾಗದ ಯಾಕೆ ಅಂತ. ಈಗ ವಾರಕ್ಕೆ 400 ಚಿಲ್ಲರೆ ರಾಸು ಬರೆಯುತ್ತೇವೆ, ಗೇಟಿನಲ್ಲಿ ನೂಕುನುಗ್ಗಲಿಲ್ಲ.

ಮೊದಲು ಕೆಟ್ಟದ್ದು ಒಳಬರುವ ಗೇಟಿನಲ್ಲಿ ಬರೆಯಲು ಹೋಗಿ. ನಸುಕಿನ ಐದಕ್ಕೆ ಟೆಂಪೊಗಳೆಲ್ಲ ಒಟ್ಟಿಗೆ ಬರುತ್ತವೆ. ಅರ್ಧ ಗಂಟೆ ನಿಲ್ಲಿಸಿದರೆ ಸಾಕು, ರಸ್ತೆ ಬದಿಯಲ್ಲೇ ರಾಸು ಇಳಿಸಿ ಅಲ್ಲೇ ಮಾರುತ್ತಾರೆ. ಮೂರು ವಾರ ಒದ್ದಾಡಿ ಬರೆಯುವುದನ್ನು ಹೊರಹೋಗುವ ಗೇಟಿಗೆ ತಂದೆವು. ಹೋಗುವವರು ಬಿಡಿಬಿಡಿಯಾಗಿ ಹೋಗುತ್ತಾರೆ; ಸುಂಕದ ಚೀಟಿಯೂ ಅಲ್ಲೇ. ಓಲೆ ನಂಬರು ಬರೆಯದೆ ಚೀಟಿ ಇಲ್ಲ ಎಂದೆವು. ದಾರಿಯಲ್ಲಿ ಗಾಡಿ ತಡೆದರೆ ತೋರಿಸಲು ಚೀಟಿ ಬೇಕಲ್ಲ, ಕೊಂಡವರೇ ಕೇಳಿ ಪಡೆಯತೊಡಗಿದರು.

ಎರಡನೆಯ ತಪ್ಪು ಬೆಲೆಯ ಕಾಲಂ. ಅದನ್ನು ಕಿತ್ತುಹಾಕಿದ ವಾರವೇ ತಕರಾರು ಅರ್ಧಕ್ಕಿಳಿಯಿತು. ಒಂದೇ ಬೆಳಿಗ್ಗೆ ಮೂರು ಕೈ ದಾಟುವ ರಾಸೂ ಉಂಟು. ನಡುವಿನ ಕೈಗಳನ್ನು ಬಿಟ್ಟೆವು. ಕಾಲುಬಾಯಿ ಜ್ವರ ಬಂದಾಗ ಬೇಕಾಗುವುದು ರಾಸು ಯಾವತ್ತು ಇಲ್ಲಿ ನಿಂತಿತ್ತು, ಯಾವ ಊರಿಗೆ ಇಳಿಯಿತು ಎಂಬುದು, ಯಾರಿಗೆಷ್ಟು ಗಿಟ್ಟಿತು ಎಂಬುದಲ್ಲ. ಮಾರಾಟವಾಗದೆ ಹಿಂತಿರುಗುವ ರಾಸನ್ನು ಬಹಳ ಕಡೆ ಬರೆಯುವುದೇ ಇಲ್ಲ. ಅದೂ ಅದೇ ಗೂಟದಲ್ಲಿ ನಿಂತಿದ್ದು ತಾನೆ? ‘ವಾಪಸ್’ ಎಂದು ಬರೆದು ಅದಕ್ಕೂ ಚೀಟಿ, ಸುಂಕವಿಲ್ಲದೆ.

ನಂಬರು 12 ಅಂಕಿ. ಒಬ್ಬರೇ ನೋಡಿ ಬರೆದಾಗ ನೂರಕ್ಕೆ ಹತ್ತು ಹನ್ನೆರಡು ತಪ್ಪು, ಹೆಚ್ಚಾಗಿ 3 ಮತ್ತು 8, 1 ಮತ್ತು 7. ಈಗ ಒಬ್ಬ ನಾಲ್ಕು ನಾಲ್ಕಾಗಿ ಓದುತ್ತಾನೆ, ಬರೆದವನು ತಿರುಗಿ ಓದಿ ಹೇಳುತ್ತಾನೆ, ಜೊತೆಗೆ ಫೋನಿನಲ್ಲಿ ಓಲೆಯ ಒಂದು ಫೋಟೊ. ತಪ್ಪು ಒಂದೆರಡಕ್ಕೆ ಇಳಿದಿದೆ. ಬಾರ್‌ಕೋಡ್ ಸ್ಕ್ಯಾನ್ ನಂಬಿ ಕೂತರೆ ಕೆಟ್ಟಿರಿ. ಸಗಣಿ ಮೆತ್ತಿರುತ್ತದೆ, ಟಾರ್ಚ್ ಹಾಕಿದರೆ ಹೊಳೆಯುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಚಾಕುವಿನಿಂದ ಕೆರೆಯಬೇಡಿ, ಅಂಕಿಯೇ ಹೋಗುತ್ತದೆ. ಹಳ್ಳಿಕಾರ್ ಹೋರಿಯ ಕಿವಿಗೆ ಕಣ್ಣು ಹತ್ತಿರ ಒಯ್ಯುವ ಸಾಹಸ ಬೇಡ. ಮೂಗುದಾರ ಹಿಡಿದವರು ತಲೆ ಎತ್ತಿಸಲಿ, ಫೋಟೊ ತೆಗೆದು ಹಿಗ್ಗಿಸಿ ಓದಿ. ಜೋಡಿಯಾದರೆ ಒಂದೇ ಚೀಟಿಯಲ್ಲಿ ಎರಡು ನಂಬರು, ಎಡಗೋಲಿನದು (ನೊಗದ ಎಡಕ್ಕೆ ಕಟ್ಟುವುದರದು) ಮೊದಲು. ಓಲೆ ಇಲ್ಲದ್ದಕ್ಕೆ ಹಲ್ಲು, ಬಣ್ಣ, ಸುಳಿ ಬರೆದು ಪಶುವೈದ್ಯ ಸಿಬ್ಬಂದಿಯ ಬಳಿ ಕಳಿಸುತ್ತೇವೆ. ಹೊಸ ಓಲೆ ಹಾಕಿದರೆ ಹರಿದುಹೋದ ಹಳೆಯದರ ನಂಬರನ್ನೂ ಅದೇ ಸಾಲಿನಲ್ಲಿ ಬರೆಯದಿದ್ದರೆ ಒಂದೇ ರಾಸು ಎರಡಾಗುತ್ತದೆ.

ಊರ ಹೆಸರು ದೊಡ್ಡ ತಲೆನೋವು. ಹೊಸಹಳ್ಳಿ ಇಲ್ಲದ ತಾಲ್ಲೂಕು ಯಾವುದು? ಊರಿನ ಜೊತೆ ಪಿನ್‌ಕೋಡ್ ಕೇಳಿ. ಕೊಂಡವರ ನಿಜವಾದ ಊರನ್ನು ದಲ್ಲಾಳಿಯ ಬಾಯಿಂದಲೇ ಹೊರಡಿಸುವ ಉಪಾಯ ಒಂದಿದೆ, ಅದನ್ನು ಇಲ್ಲಿ ಬರೆದರೆ ಮುಂದಿನ ವಾರದಿಂದ ನಡೆಯುವುದಿಲ್ಲ.

ಖರ್ಚು: ನಾಲ್ಕು ಆಳಿಗೆ 600ರಂತೆ 2,400, ಮೂರು ಪ್ರತಿಯ ಚೀಟಿ ಪುಸ್ತಕ, ಚಹಾ ಸೇರಿ 300. ರಾಸಿಗೆ ಆರೂವರೆ ರೂಪಾಯಿ ಆಸುಪಾಸು.

ನಡುವೆ ಎಲೆಕ್ಟ್ರಾನಿಕ್ ಓಲೆಯನ್ನೂ ನೋಡಿದೆವು, 134.2 ಕಿಲೋಹರ್ಟ್ಸ್ ರೇಡಿಯೊ ಅಲೆಯಲ್ಲಿ ರೀಡರ್‌ಗೆ ನಂಬರು ತಿಳಿಸುವಂಥದ್ದು. ಆಸ್ಟ್ರೇಲಿಯಾದಲ್ಲಿ ದನಗಳಿಗೆ ಇದು ಮೊದಲಿನಿಂದ ಇದೆ. 2025ರ ಜನವರಿ 1ರಿಂದ ಹುಟ್ಟುವ ಕುರಿ, ಆಡುಗಳಿಗೂ ಕಡ್ಡಾಯ. ಅಲ್ಲಿ ಕಿರಿದಾದ ಓಣಿಯಲ್ಲಿ ರಾಸು ಸಾಲಾಗಿ ಹಾಯುವಾಗ ರೀಡರ್ ಓದುತ್ತದೆ. ನಮ್ಮಲ್ಲಿ ಕೈ ರೀಡರ್ ಒಂದು ಗೇಣು ದೂರದಿಂದ ಓದಿತು, ಕಬ್ಬಿಣದ ಗೇಟಿನ ಪಕ್ಕ ತಡವರಿಸಿತು. ಹಗ್ಗ ಹಿಡಿದ ಒಬ್ಬರು ಪ್ರತಿ ರಾಸಿಗೂ ಇರುವಾಗ ಆ ದುಡ್ಡು ಸದ್ಯಕ್ಕೆ ದಂಡ.

ಚೀಟಿ ಕಟ್ಟುಗಳನ್ನು ವಾರದಂತೆ ಜೋಡಿಸಿ, ಕೊನೆಯ ನಾಲ್ಕು ಅಂಕಿಯ ಮೇಲೆ ಹುಡುಕುತ್ತೇವೆ. ಕಾಲುಬಾಯಿಗೆ 14 ದಿನ ಹಿಂದಕ್ಕೆ, ಚರ್ಮಗಂಟು ರೋಗಕ್ಕೆ 28, ಅಂದರೆ ನಾಲ್ಕು ಸಂತೆ. ಪರೀಕ್ಷೆಗೆಂದು ಹತ್ತು ನಂಬರು ಆರಿಸಿ ಹುಡುಕಿದೆವು. ಮುಕ್ಕಾಲು ಗಂಟೆಯಲ್ಲಿ ಒಂಬತ್ತರ ಊರು ಸಿಕ್ಕಿತು, ಫೋನ್ ಮಾಡಿದರೆ ರಾಸು ಕೊಟ್ಟಿಗೆಯಲ್ಲೇ ಇತ್ತು. ಹತ್ತನೆಯದನ್ನು ಕೊಂಡವರು ಮನೆ ಮುಟ್ಟುವ ಮೊದಲೇ ದಾರಿಯಲ್ಲಿ ಮಾರಿಬಿಟ್ಟಿದ್ದರು. ಅದಕ್ಕೆ ನಮ್ಮ ಗೇಟಿನಲ್ಲಿ ಮದ್ದಿಲ್ಲ.