ಕೊಟೇಶನ್ ಕೇಳೋ ಮೊದಲು ಸ್ಪೆಸಿಫಿಕೇಶನ್ ಬರೆದೆ, ಲೆಕ್ಕ ನಿಂತಿತು: ನನ್ನ ಅನುಭವ

ನಾವು ಕಟ್ಟಿಸಿದ ಮನೆಯ ಕೊನೆಯ ಬಿಲ್ ಒಪ್ಪಂದದ ಮೊತ್ತಕ್ಕಿಂತ ಸುಮಾರು ಶೇ. 3 ಮಾತ್ರ ಜಾಸ್ತಿ ಬಂತು. ಅದೂ ನಾವೇ ಆಮೇಲೆ ಕೇಳಿ ಹಾಕಿಸಿಕೊಂಡ ಕಪಾಟುಗಳಿಗೆ. "ರೇಟ್ ಕೇಳೋಕೆ ಇಷ್ಟೆಲ್ಲಾ ಬರೀಬೇಕಾ?" ಅಂದವರು ಈಗ ನನ್ನ ಸ್ಪೆಸಿಫಿಕೇಶನ್ ಫೈಲ್, ಅಂದರೆ ಯಾವ ಕೆಲಸ, ಯಾವ ಸಾಮಾನು, ಹೇಗೆ ಅಂತ ಬರೆದಿಟ್ಟ ವಿವರ, ಕೇಳುತ್ತಿದ್ದಾರೆ.

ಮೊದಲ ಸುತ್ತಿನಲ್ಲಿ ಎಲ್ಲರೂ ಮಾಡುವ ಹಾಗೆಯೇ ಗುತ್ತಿಗೆದಾರರಿಗೆ ನಕ್ಷೆ ಕೊಟ್ಟು ಚದರಡಿಗೆ ಎಷ್ಟು ಅಂತ ಕೇಳಿದ್ದೆ. ಐದಾರು ಕೊಟೇಶನ್ ಬಂದವು. ಅತಿ ಕಡಿಮೆಯದಕ್ಕೂ ಅತಿ ಜಾಸ್ತಿಯದಕ್ಕೂ ಹೆಚ್ಚುಕಮ್ಮಿ ಒಂದೂವರೆ ಪಟ್ಟು ವ್ಯತ್ಯಾಸ. ಒಬ್ಬರು ಬಾಲ್ಕನಿಯನ್ನು ಪೂರ್ತಿ ಲೆಕ್ಕ ಹಿಡಿದಿದ್ದರು, ಇನ್ನೊಬ್ಬರು ಅರ್ಧ. ಅತಿ ಕಡಿಮೆ ಹೇಳಿದವರಲ್ಲಿ ಕಾಂಪೌಂಡ್ ಗೋಡೆಯೂ ಇಲ್ಲ, ನೀರಿನ ಟ್ಯಾಂಕೂ ಇಲ್ಲ. ಬಿಟ್ಟದ್ದನ್ನೆಲ್ಲ ಸೇರಿಸಿ ನೋಡಿದರೆ ಅವರು ಮೂರನೇ ಸ್ಥಾನಕ್ಕೆ ಜಾರಿದರು.

ಎರಡನೇ ಸುತ್ತಿಗೆ ಸ್ವಿಚ್‌ನಿಂದ ಹಿಡಿದು ಚಿಲಕದವರೆಗೆ ಎಲ್ಲಕ್ಕೂ ಬ್ರಾಂಡ್ ಹೆಸರು ಬರೆದೆ. ನಲವತ್ತು ಪುಟ ಆಗಿರಬೇಕು. ಅರ್ಧ ಜನ ಉತ್ತರವನ್ನೇ ಕೊಡಲಿಲ್ಲ. ಕೊಟ್ಟವರು ಭಯಕ್ಕೆ ಶೇ. 15, 20 ಸೇರಿಸಿಯೇ ಕೊಟ್ಟರು. ಇದೂ ಕೆಲಸಕ್ಕೆ ಬರಲಿಲ್ಲ.

ಮೂರನೇ ಸಲ ಹತ್ತು ಹನ್ನೆರಡು ಪುಟಕ್ಕೆ ಇಳಿಸಿದೆ. ಮುಚ್ಚಿಹೋಗುವ ಕೆಲಸವನ್ನು ಬಿಗಿಯಾಗಿ ಬರೆಯೋದು, ಕಣ್ಣಿಗೆ ಕಾಣುವುದಕ್ಕೆ ಬರೀ ಬೇಸಿಕ್ ರೇಟ್ (ಸಾಮಾನಿನ ಖರೀದಿ ಬೆಲೆ ಇಷ್ಟು ಅಂತ) ಕೊಡೋದು ಅಂತ ಮಾಡಿಕೊಂಡೆ. ಟೈಲ್ಸ್ ನಾಳೆಯೂ ಬದಲಾಯಿಸಬಹುದು, ಸ್ಲ್ಯಾಬ್ ಒಳಗಿನ ಕಂಬಿ ಆಗಲ್ಲ, ಅಲ್ವಾ? ಹಾಗಾಗಿ ಕವರ್ ಬ್ಲಾಕ್ (ಕಂಬಿಗೂ ಕಾಂಕ್ರೀಟಿನ ಹೊರಮೈಗೂ ನಡುವೆ ಅಂತರ ಉಳಿಸುವ ಸಣ್ಣ ತುಂಡು) ಸ್ಲ್ಯಾಬ್‌ಗೆ 20 ಮಿ.ಮೀ., ಬೀಮ್‌ಗೆ 25, ಕಂಬಕ್ಕೆ 40, ಪಾಯದ ಫುಟಿಂಗ್‌ಗೆ 50 ಅಂತ ಬರೆದೆ. ವೈರ್ ಲೈಟಿಗೆ 1.5 ಚದರ ಮಿ.ಮೀ., ಪವರ್ ಸಾಕೆಟ್‌ಗೆ 2.5, ಗೀಸರ್‌ಗೆ 4. ಬಾತ್‌ರೂಮ್ ವಾಟರ್‌ಪ್ರೂಫಿಂಗ್ ಆದಮೇಲೆ 48 ಗಂಟೆ ನೀರು ನಿಲ್ಲಿಸಿ, ಕೆಳಗೆ ಒರತೆ ಇಲ್ಲ ಅಂತ ನೋಡಿದ ಮೇಲೆಯೇ ಟೈಲ್ಸ್.

ಟೈಲ್ಸ್‌ಗೆ ಎಲ್ಲರಿಗೂ ಒಂದೇ ಬೇಸಿಕ್ ರೇಟ್ ನಾನೇ ಕೊಟ್ಟೆ. ಅದಕ್ಕಿಂತ ದುಬಾರಿ ಆರಿಸಿದರೆ ವ್ಯತ್ಯಾಸ ನಮ್ಮದು, ಅಗ್ಗದ್ದು ಆರಿಸಿದರೆ ಅಷ್ಟು ಕಡಿತ. ವೇಸ್ಟೇಜ್ ಎಷ್ಟು ಅಂತಲೂ ಬರೆದಿದ್ದೆ. ಯಾವ ಕೆಲಸ ಎಷ್ಟಿದೆ ಅಂತ ಬರೆಯುವ ಪಟ್ಟಿಯಲ್ಲಿ ಪ್ರಮಾಣ ನಾನೇ ತುಂಬಿ, ರೇಟಿನ ಕಾಲಂ ಮಾತ್ರ ಖಾಲಿ ಬಿಟ್ಟೆ. ಇದಕ್ಕೆ ತಿಂಗಳುಗಟ್ಟಲೆ ಸಂಜೆಗಳು ಹೋದವು, ಆದರೆ ಒಂದೊಂದು ಸಂಜೆಯೂ ದುಡ್ಡು ಉಳಿಸಿತು.

ಕೆಲಸದ ನೀರು, ಕರೆಂಟ್, ಅಗೆದ ಮಣ್ಣು, ಕಟ್ಟಡದ ಕಸ ಯಾರ ಖರ್ಚು ಅಂತ ಅರ್ಧ ಪುಟ ಬರೆದೆ. ಜಗಳ ಶುರುವಾಗೋದೇ ಇಲ್ಲಿಂದ. ಬಂಡೆ ಸಿಕ್ಕರೆ ಏನು ಅಂತಲೂ ಒಂದು ಸಾಲು ಸೇರಿಸಿ, ಪ್ರಮಾಣ ಸೊನ್ನೆ ಹಾಕಿ ರೇಟ್ ಮಾತ್ರ ಕೇಳಿದ್ದೆ. ಪಾಯ ಅಗೆಯುವಾಗ ಬಂಡೆ ಸಿಕ್ಕೇಬಿಟ್ಟಿತು! ಅಳತೆ ಹಿಡಿದೆವು, ಬರೆದ ರೇಟಿಗೆ ಲೆಕ್ಕ ಮುಗಿಯಿತು. ಆ ಹೊತ್ತಲ್ಲಿ ರೇಟ್ ಕೇಳಿದ್ದರೆ ಅವರು ಹೇಳಿದ್ದೇ ಬೆಲೆ. ಶೇ. 3ರ ಲೆಕ್ಕಕ್ಕೆ ಇದು ಸೇರಿಲ್ಲ. ಅದಕ್ಕೆ ಮೊದಲೇ ಬೇರೆ ಹಣ ಎತ್ತಿಟ್ಟಿದ್ದೆ.

ಪಟ್ಟಿ ಬರೆಯುತ್ತಿದ್ದ ದಿನಗಳಲ್ಲೇ ಕಂಬಿಯ ತೂಕ ನೋಡುವ ಹುಚ್ಚು ಹತ್ತಿತು. ಮಿ.ಮೀ.ನಲ್ಲಿರುವ ವ್ಯಾಸದ ವರ್ಗವನ್ನು 162ರಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಕಿಲೋ ಅಂತ ಸಿಗುತ್ತೆ. 12 ಮಿ.ಮೀ. ಕಂಬಿ ಮೀಟರಿಗೆ ಸುಮಾರು 890 ಗ್ರಾಂ ಇರಬೇಕು. ಬೇರೆ ಬೇರೆ ಕಡೆಯಿಂದ ಒಂದೊಂದು ಮೀಟರ್ ತುಂಡು ತಂದು ತೂಗಿದೆ. ಒಂದು ಕಂಬಿ ಶೇ. 7, 8 ಕಡಿಮೆ ತೂಗಿತು. ಒಟ್ಟು ಮೊತ್ತದ ಗುತ್ತಿಗೆಯಲ್ಲಿ ಹಗುರ ಕಂಬಿಯ ಲಾಭ ಗುತ್ತಿಗೆದಾರರಿಗೆ, ನಷ್ಟ ಮನೆಗೆ. ಸೈಟಿಗೆ ಬಂದ ಕಂಬಿಯನ್ನು ತೂಗಿಯೇ ಬಳಸಬೇಕು ಅನ್ನೋ ಷರತ್ತು ಹೀಗೆ ಹುಟ್ಟಿತು.

ಇನ್ನೊಂದು ಪ್ರಯೋಗವೂ ಮಾಡಿದೆ. ಒಂದೇ ಬಾಗಿಲಿಗೆ, ಮಾಡೆಲ್ ಹೆಸರಿಸಿ ಒಂದು ರೇಟ್, "ಅಥವಾ ಅದಕ್ಕೆ ಸಮನಾದದ್ದು" ಅಂತ ಸೇರಿಸಿ ಇನ್ನೊಂದು ರೇಟ್ ಕೇಳಿದೆ. ಹೆಚ್ಚುಕಮ್ಮಿ ಕಾಲು ಭಾಗ ಇಳಿಯಿತು. ಅಷ್ಟು ಅಗ್ಗವಾದದ್ದು ಸಮ ಹೇಗಾಗುತ್ತೆ? ಖರೀದಿಗೆ ಮೊದಲು ನಾನು ಬರಹದಲ್ಲಿ ಒಪ್ಪಿದ್ದು ಮಾತ್ರ ಸಮ ಅಂತ ತಿದ್ದಿದೆ.

ಮೂರನೇ ಸುತ್ತಿನಲ್ಲಿ ಬಂದ ಕೊಟೇಶನ್‌ಗಳ ನಡುವೆ ಅಂತರ ಶೇ. 12ರ ಆಸುಪಾಸಿಗೆ ಇಳಿಯಿತು. ಅದರಲ್ಲೂ ಒಬ್ಬರದು ಒಟ್ಟು ಮೊತ್ತ ಚೆನ್ನಾಗಿತ್ತು, ಆದರೆ ಪಾಯದ ರೇಟ್ ಬೇರೆಯವರಿಗಿಂತ ಹತ್ತಿರ ಹತ್ತಿರ ದುಪ್ಪಟ್ಟು, ಪೇಂಟಿಂಗ್ ತೀರಾ ಅಗ್ಗ. ಅಳತೆ ಪ್ರಕಾರ ಕೊಡುತ್ತಾ ಹೋದರೆ ಛಾವಣಿ ಹಾಕುವಷ್ಟರಲ್ಲಿ ಹೆಚ್ಚಿನ ದುಡ್ಡು ಅವರ ಕೈಯಲ್ಲಿರುತ್ತೆ, ಆಮೇಲೆ ಕೆಲಸಕ್ಕೆ ಬರೋ ಆತುರ ಯಾರಿಗಿರುತ್ತೆ? ಅವರನ್ನು ಬಿಟ್ಟು, ಎರಡನೇ ಅತಿ ಕಡಿಮೆ ಹೇಳಿದವರಿಗೆ ಕೆಲಸ ಕೊಟ್ಟೆ.

ಪಟ್ಟಿಯನ್ನು ಯಾರು ನಿಜವಾಗಿ ಓದಿ ರೇಟ್ ಹಾಕಿದ್ದಾರೆ ಅಂತ ಹಿಡಿಯೋಕೆ ಒಂದು ಐಟಂ ಸೇರಿಸಿದ್ದೆ. ಅದು ಯಾವುದು ಅಂತ ಇಲ್ಲಿ ಬಿಚ್ಚಿಡಲ್ಲ. ಗುತ್ತಿಗೆದಾರರೂ ಇದನ್ನು ಓದ್ತಾರೆ.

ಕೊನೆಯ ಶೇ. 5 ಹಣವನ್ನು ಒಂದು ವರ್ಷ ಹಿಡಿದಿಟ್ಟಿದ್ದೆ. ಅಷ್ಟರಲ್ಲಿ ಒಂದು ಕಿಟಕಿಯ ಪಕ್ಕ ತೇವ ಕಾಣಿಸಿತು. ಫೋನ್ ಮಾಡಿದ ವಾರದೊಳಗೆ ಬಂದು ಸರಿಮಾಡಿದರು, ವರ್ಷ ತುಂಬಿದ ಮೇಲೆ ಉಳಿದದ್ದನ್ನೂ ಕೊಟ್ಟೆ.