ಎಳೆಯ ಮಕ್ಕಳೊಂದಿಗೆ ಒಂದು ದಿನದ ಪ್ರವಾಸ: ಹಾಸನದಿಂದ ಹೊರಡುವ ತಾಯ್ತಂದೆಯರಿಗೆ

ಕಳೆದ ವರ್ಷ ಫೆಬ್ರವರಿಯ ಕೊನೆಯ ಭಾನುವಾರ ಬೇಲೂರು, ಹಳೇಬೀಡು, ಮುಳ್ಳಯ್ಯನಗಿರಿ ಮೂರನ್ನೂ ಒಂದೇ ದಿನದಲ್ಲಿ ಮಕ್ಕಳಿಗೆ ತೋರಿಸಿಬಿಡಬೇಕೆಂದು ನಾವು ಹಾಸನದಿಂದ ಹೊರಟಿದ್ದೆವು. ರಾತ್ರಿ ಎಂಟಕ್ಕೆ ಮನೆಗೆ ಮರಳಿದಾಗ ಆರು ವರ್ಷದ ಮಗಳು ಅಪ್ಪನ ಟೀ ಶರ್ಟನ್ನು ನಿಲುವಂಗಿಯಂತೆ ತೊಟ್ಟಿದ್ದಳು, ಮೂರು ವರ್ಷದ ಮಗ ನನ್ನ ದುಪಟ್ಟಾವನ್ನು ಪಂಚೆಯಂತೆ ಉಟ್ಟಿದ್ದ, ಅವನ ಕಾಲಿನಲ್ಲಿದ್ದ ಎರಡು ಚಪ್ಪಲಿಗಳಲ್ಲಿ ಒಂದು ಬೇರಾವುದೋ ಮಗುವಿನದಾಗಿತ್ತು. ಹಳೇಬೀಡನ್ನು ನೋಡಲಾಗಲೇ ಇಲ್ಲ. ಆ ದಿನದ ಸಂಗತಿಗಳನ್ನು ನೆನೆದು ಅತ್ತೆಯವರು ಈಗಲೂ ನಗುತ್ತಾರೆ. ಆದರೆ ಅವುಗಳಲ್ಲಿ ಒಂದೊಂದನ್ನೂ ತಪ್ಪಿಸುವ ಉಪಾಯವಿದೆ.

ಮೊದಲು, ಒಂದು ದಿನಕ್ಕೆ ಒಂದೇ ಸ್ಥಳವನ್ನು ಆರಿಸಿಕೊಳ್ಳಿ. ಹಾಸನದಿಂದ ಬೇಲೂರಿಗೆ ಸುಮಾರು 40 ಕಿಲೋಮೀಟರ್, ಅಲ್ಲಿಂದ ಹಳೇಬೀಡಿಗೆ 16, ಚಿಕ್ಕಮಗಳೂರಿಗೆ ಸುಮಾರು 25. ದೊಡ್ಡವರ ಲೆಕ್ಕಕ್ಕೆ ಇವೆಲ್ಲ ಹತ್ತಿರದ ಊರುಗಳೇ. ಆದರೆ ಮಧ್ಯಾಹ್ನ ಒಂದಕ್ಕೆ ನಿದ್ದೆ ಬೇಕಾದ ಮಗುವಿನ ಲೆಕ್ಕ ಬೇರೆ. ಬೆಳಿಗ್ಗೆ ಏಳರೊಳಗೆ ಹೊರಟು ಊಟದ ವೇಳೆಗೆ ಮನೆ ಸೇರುವಂತೆ ಯೋಜಿಸಿದರೆ ಮಗು ಅಳುವ ಹೊತ್ತು ಬರುವ ಮೊದಲೇ ಪ್ರವಾಸ ಮುಗಿದಿರುತ್ತದೆ.

ಕಾಲಿನ ಬಗ್ಗೆ ನಾವು ಸ್ವಲ್ಪವೂ ಯೋಚಿಸಿರಲಿಲ್ಲ. ಬೇಲೂರಿನ ಚೆನ್ನಕೇಶವ ದೇವಾಲಯದ ಅಂಗಳಕ್ಕೆ ಕಲ್ಲು ಹಾಸಿದೆ, ಚಪ್ಪಲಿಯನ್ನು ಹೊರಗೇ ಬಿಡಬೇಕು. ಹನ್ನೊಂದೂವರೆಯ ಬಿಸಿಲಿಗೆ ಆ ಕಲ್ಲು ಕಾದಿತ್ತು. "ಅಮ್ಮಾ, ಕಾಲು ಸುಡ್ತಿದೆ" ಎನ್ನುತ್ತ ಮಗಳು ಒಂದು ನೆರಳಿನಿಂದ ಇನ್ನೊಂದು ನೆರಳಿಗೆ ಕುಪ್ಪಳಿಸತೊಡಗಿದಳು. ಮಗನನ್ನು ಅವರಪ್ಪ ಹೆಗಲಿಗೇರಿಸಿಕೊಂಡರು. ಶಿಲ್ಪಗಳನ್ನು ನೋಡುವುದು ಅಲ್ಲಿಗೇ ನಿಂತಿತು. ಮಕ್ಕಳಿಗೆ ದಪ್ಪ ಕಾಲುಚೀಲ ಹಾಕಿ, ಹತ್ತು ಗಂಟೆಯೊಳಗೆ ಅಂಗಳದ ಸುತ್ತಾಟ ಮುಗಿಸಿ. ಶ್ರವಣಬೆಳಗೊಳದ ವಿಂಧ್ಯಗಿರಿಗೂ ಇದೇ ಮಾತು ಅನ್ವಯಿಸುತ್ತದೆ. ಅಲ್ಲಿ ಬರಿಗಾಲಿನಲ್ಲಿ 600ಕ್ಕೂ ಹೆಚ್ಚು ಮೆಟ್ಟಿಲು ಹತ್ತಬೇಕು. ಅರ್ಧ ದಾರಿಯಲ್ಲಿ ಚಿಕ್ಕ ಮಗು ಎತ್ತಿಕೊಳ್ಳೆಂದು ಕೈ ಚಾಚುವುದು ಖಚಿತವಾದ್ದರಿಂದ, ಎತ್ತಿಕೊಳ್ಳುವ ಶಕ್ತಿಯಿರುವ ಇಬ್ಬರು ಜೊತೆಗಿರಲೇಬೇಕು.

ಚಪ್ಪಲಿ ಅದಲುಬದಲಾದದ್ದೂ ಬೇಲೂರಿನಲ್ಲಿಯೇ. ಮಕ್ಕಳ ನೀಲಿ ಚಪ್ಪಲಿಗಳೆಲ್ಲ ಒಂದೇ ಬಗೆಯವು. ಮನೆಯವರೆಲ್ಲರ ಚಪ್ಪಲಿಗಳನ್ನು ಒಂದು ಬಟ್ಟೆಯ ಚೀಲಕ್ಕೆ ಹಾಕಿ, ಬಾಯಿ ಕಟ್ಟಿ ಬಿಡುವುದು ಎಲ್ಲಕ್ಕಿಂತ ಸುಲಭ.

ಅದೇ ಅಂಗಳದಲ್ಲಿ ಮಗ ಹತ್ತು ನಿಮಿಷ ಕಾಣೆಯಾದ. ಹೆಗಲಿನಿಂದ ಇಳಿಸಿದ ಅವನು ನನ್ನ ಬಳಿ ಇದ್ದಾನೆಂದು ಅವರಪ್ಪ, ಅವರ ಬಳಿ ಇದ್ದಾನೆಂದು ನಾನು ಭಾವಿಸಿದ್ದೆವು. ಹುಡುಕುತ್ತ ಹೋದರೆ, ಪ್ರವಾಸಕ್ಕೆ ಬಂದಿದ್ದ ಶಾಲಾ ಮಕ್ಕಳ ಸಾಲಿನಲ್ಲಿ, ಮುಂದಿನ ಹುಡುಗನ ಅಂಗಿ ಹಿಡಿದು ಇವನೂ ಶಿಸ್ತಾಗಿ ನಿಂತಿದ್ದ. ಎಣಿಕೆಯಲ್ಲಿ ಒಬ್ಬ ಹೆಚ್ಚಾಗುತ್ತಿದ್ದುದಕ್ಕೆ ಅವರ ಮೇಷ್ಟ್ರು ಎರಡನೆಯ ಸಲ ಎಣಿಸುತ್ತಿದ್ದರು. ಆ ಹತ್ತು ನಿಮಿಷ ನನ್ನ ಎದೆ ಹೇಗೆ ಹೊಡೆದುಕೊಂಡಿತೆಂಬುದನ್ನು ನಾನು ಮರೆತಿಲ್ಲ. ಆದ್ದರಿಂದ ಮಗುವನ್ನು ಒಬ್ಬರು ಇನ್ನೊಬ್ಬರಿಗೆ ಒಪ್ಪಿಸುವಾಗ "ಈಗ ನಿಮ್ಮ ಹತ್ತಿರ ಇದ್ದಾನೆ" ಎಂದು ಬಾಯಿಬಿಟ್ಟು ಹೇಳಿ, "ಹೂಂ" ಎಂಬ ಉತ್ತರ ಬಂದ ಮೇಲೆಯೇ ಕೈ ಬಿಡಿ. ಫೋನ್ ನಂಬರ್ ಬರೆದ ಚೀಟಿಯನ್ನು ಮಗುವಿನ ಜೇಬಿನಲ್ಲಿಟ್ಟು ಪಿನ್ನು ಹಾಕಿ. ಒಳಗೆ ಬಂದ ಕೂಡಲೇ, ತಪ್ಪಿಸಿಕೊಂಡರೆ ಎಲ್ಲಿ ಬಂದು ನಿಲ್ಲಬೇಕೆಂಬುದನ್ನು ದೊಡ್ಡ ಮಗುವಿಗೆ ತೋರಿಸಿ. ಬೇಲೂರಿನಲ್ಲಿ ಗುಡಿಯ ಎದುರು ಕೈಮುಗಿದು ನಿಂತಿರುವ ಗರುಡನ ಮೂರ್ತಿ ಇದಕ್ಕೆ ತಕ್ಕ ಗುರುತು.

ಇನ್ನು ಗಿರಿಯ ರಸ್ತೆ. ಮುಳ್ಳಯ್ಯನಗಿರಿ 1,930 ಮೀಟರ್ ಎತ್ತರದ, ರಾಜ್ಯದಲ್ಲಿಯೇ ಅತಿ ಎತ್ತರದ ಶಿಖರ, ಅಲ್ಲಿಗೆ ಏರುವ ದಾರಿಯ ತುಂಬ ತಿರುವುಗಳೇ. ಚಿಕ್ಕಮಗಳೂರಿನ ಹೋಟೆಲಿನಲ್ಲಿ ಮಕ್ಕಳಿಗೆ ಪೂರಿ ತಿನ್ನಿಸಿ, ಬಾದಾಮಿ ಹಾಲು ಕುಡಿಸಿ, ಗಲಾಟೆ ಮಾಡದಿರಲೆಂದು ಕೈಗೆ ಮೊಬೈಲ್ ಕೊಟ್ಟು ನಾವು ಘಟ್ಟ ಹತ್ತಿದೆವು. ಮಾಡಬಾರದ ಮೂರು ಕೆಲಸಗಳನ್ನೂ ಒಟ್ಟಿಗೇ ಮಾಡಿದ್ದೆವು. ಗಾಡಿ ತಿರುಗುತ್ತಿದೆ ಎಂದು ಒಳಕಿವಿ ಹೇಳುತ್ತಿರುವಾಗ, ಮೊಬೈಲಿನ ಮೇಲೆ ನೆಟ್ಟ ಕಣ್ಣು ಏನೂ ಅಲುಗುತ್ತಿಲ್ಲ ಎನ್ನುತ್ತದೆ. ಈ ಎರಡು ಸುದ್ದಿಗಳು ಹೊಂದದೆ ಹೊಟ್ಟೆ ತೊಳಸತೊಡಗುತ್ತದೆ. ಎರಡರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಇದು ಹೆಚ್ಚು. ಮೊದಲು ಮಗಳು, ಅವಳನ್ನು ಕಂಡು ಮಗ, ಇಬ್ಬರೂ ವಾಂತಿ ಮಾಡಿಕೊಂಡರು.

ಘಟ್ಟ ಹತ್ತುವುದಕ್ಕೆ ಎರಡು ಗಂಟೆ ಮೊದಲೇ ಇಡ್ಲಿಯಂತಹ ಹಗುರವಾದ ತಿಂಡಿ ಕೊಡಿ, ಹಾಲನ್ನೂ ಎಣ್ಣೆಯ ಪದಾರ್ಥವನ್ನೂ ಮರಳಿ ಬರುವವರೆಗೆ ದೂರವಿಡಿ. ಮಗು ಮುಂದಿನ ರಸ್ತೆಯನ್ನು ನೋಡುವಂತೆ ಹಿಂದಿನ ಸೀಟಿನ ನಡುವೆ ಬೆಲ್ಟ್ ಹಾಕಿ ಕೂರಿಸಿ, ಕಿಟಕಿಯನ್ನು ಸ್ವಲ್ಪ ತೆರೆದಿಡಿ, ಕಥೆ ಹೇಳಿ, ಹಾಡಿಸಿ, ಆದರೆ ಪುಸ್ತಕವನ್ನಾಗಲಿ ಮೊಬೈಲನ್ನಾಗಲಿ ಕೊಡಬೇಡಿ. ಮುಖ ಬಿಳಿಚಿಕೊಂಡು, ಮೇಲಿಂದ ಮೇಲೆ ಆಕಳಿಕೆ ಬಂದು, ಮಾತು ನಿಂತಿತೆಂದರೆ ಜಾಗ ನೋಡಿ ಗಾಡಿ ನಿಲ್ಲಿಸಿ ಐದು ನಿಮಿಷ ಗಾಳಿಗೆ ಬಿಡಿ. ಮಾತ್ರೆಯನ್ನಂತೂ ಮಕ್ಕಳ ವೈದ್ಯರನ್ನು ಕೇಳದೆ ಕೊಡಲೇಬಾರದು.

ಬಟ್ಟೆ ಬದಲಿಸಲು ಚೀಲ ತೆರೆದಾಗ ಅದರಲ್ಲಿದ್ದದ್ದು ನನ್ನ ಕಚೇರಿಯ ಎರಡು ಕಡತ ಮತ್ತು ಶನಿವಾರದ ಊಟದ ಡಬ್ಬಿ. ಕಚೇರಿಯ ಚೀಲ, ಮಕ್ಕಳ ಬಟ್ಟೆಯ ಚೀಲ ಎರಡೂ ಒಂದೇ ಬಣ್ಣದವಾದ್ದರಿಂದ ಬೆಳಗಿನ ಅವಸರದಲ್ಲಿ ಅದಲುಬದಲಾಗಿತ್ತು. ಟೀ ಶರ್ಟು, ದುಪಟ್ಟಾಗಳ ಕಥೆ ಶುರುವಾದದ್ದು ಹೀಗೆ. ಈಗ ಮಕ್ಕಳ ಚೀಲ ಬೇರೆ ಬಣ್ಣದ್ದು, ಅದು ಹಿಂದಿನ ರಾತ್ರಿಯೇ ಗಾಡಿ ಸೇರುತ್ತದೆ. ತಲಾ ಎರಡು ಜೊತೆ ಬಟ್ಟೆ, ಹಳೆಯ ಟವೆಲ್, ಬಾಯಿ ಕಟ್ಟಬಹುದಾದ ಪ್ಲಾಸ್ಟಿಕ್ ಚೀಲಗಳು, ನೀರು, ಬಾಳೆಹಣ್ಣು ಅದರಲ್ಲಿರುತ್ತವೆ. ಮಳೆಗಾಲದಲ್ಲಿ ಕಾಲಿಗೆ ಕಚ್ಚುವ ಇಂಬಳವನ್ನು (ಜಿಗಣೆ) ಬಿಡಿಸಲು ಒಂದು ಪೊಟ್ಟಣ ಉಪ್ಪನ್ನೂ ಇಡುತ್ತೇನೆ.

ಶೌಚಾಲಯ ಕಂಡಲ್ಲೆಲ್ಲ ಮಕ್ಕಳನ್ನು ಕರೆದೊಯ್ಯಿರಿ, ಬರುತ್ತದೆಯೇ ಎಂದು ಕೇಳಬೇಡಿ. ಕೇಳಿದರೆ ಇಲ್ಲವೆನ್ನುತ್ತಾರೆ, ಹತ್ತನೆಯ ನಿಮಿಷಕ್ಕೆ, ಗಾಡಿ ನಿಲ್ಲಿಸಲಾಗದ ತಿರುವಿನಲ್ಲಿ, ಈಗಲೇ ಆಗಬೇಕೆನ್ನುತ್ತಾರೆ.

ಮಕ್ಕಳಿಗೆ ಏನನ್ನು ತೋರಿಸಬೇಕೆಂಬುದನ್ನೂ ಮೊದಲೇ ಯೋಚಿಸಿಡಿ. ಬೇಲೂರಿನ ಗುಡಿ ಕಟ್ಟಿಸಿದ ಹೊಯ್ಸಳ ದೊರೆ ವಿಷ್ಣುವರ್ಧನನ ಕಾಲ, ಆ ಗುಡಿಯ 1117ನೆಯ ಇಸವಿ, 2023ರಲ್ಲಿ ದೊರೆತ ವಿಶ್ವ ಪರಂಪರೆಯ ಮನ್ನಣೆ ಇವೆಲ್ಲ ನಮಗೆ ಹೆಮ್ಮೆಯ ಸಂಗತಿಗಳು. ಮೂರು ವರ್ಷದವನ ಕಣ್ಣಿಗೆ ಬೀಳುವುದು ಗೋಡೆಯ ಕೆಳಗಿನ ಆನೆಗಳ ಸಾಲು. ಮೇಲಿರುವ ಮದನಿಕೆಯರತ್ತ ಅವನ ಕತ್ತು ತಿರುಗಿಸಲು ಹೋಗದೆ ಆನೆಗಳನ್ನು ಎಣಿಸಲು ಬಿಡಿ. ಕಳೆದ ತಿಂಗಳು ನಾವು ಹಳೇಬೀಡಿಗೆ ಮಾತ್ರ ಹೋಗಿದ್ದೆವು. ಮಗಳು ನಲವತ್ತೆರಡರವರೆಗೆ ಎಣಿಸಿದ್ದಳು, ತಮ್ಮ ನಡುವೆ ಬಾಯಿ ಹಾಕಿದ್ದರಿಂದ ಲೆಕ್ಕ ತಪ್ಪಿ, ಅವನ ಕೈ ಹಿಡಿದುಕೊಂಡು ಮತ್ತೆ ಮೊದಲ ಆನೆಯಿಂದ ಶುರುಮಾಡಿದಳು. ಹನ್ನೊಂದಕ್ಕೆ ಅಲ್ಲಿಂದ ಹೊರಟು, ಊಟದ ಹೊತ್ತಿಗೆ ಹಾಸನದಲ್ಲಿದ್ದೆವು.